ತಲೆ ಎಣಿಸುವ ಮೊದಲು ಸುರಂಗಕ್ಕೊಮ್ಮೆ ಇಣುಕಿ

ಪಂಚಾಯತ್ ಅಧ್ಯಕ್ಷರಿಗೆ, ವಾರ್ಡ್ ಮೆಂಬರುಗಳಿಗೆ, ಆರೋಗ್ಯ ಕೇಂದ್ರದವರಿಗೆ ಮತ್ತು ಕುಟುಂಬಶ್ರೀ ಮಹಿಳಾ ಸಂಘಗಳ ಅಕ್ಕತಂಗಿಯರಿಗೆ,

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಮೂಲೆಯಲ್ಲಿ ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ನಿಮ್ಮಲ್ಲಿ ಇಬ್ಬರು ಮೆಂಬರುಗಳು ನನ್ನ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದವರು. ಅದರಲ್ಲೊಬ್ಬರು ಕರಿಬೇವಿನ ಎಲೆಯನ್ನು ಹೆಕ್ಕಿ ಚಾಪೆಯ ಅಡಿಗೆ ತುರುಕುತ್ತಿದ್ದರು. ಯಾರು ಅಂತ ಹೇಳುವುದಿಲ್ಲ. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ, ಮಾತು ಸ್ವಲ್ಪ ಖಾರವಾದರೆ ಟೀಚರ್ ಬೈದರು ಅಂದುಕೊಳ್ಳಿ.

ಇದನ್ನು ಬಹಿರಂಗ ಪತ್ರ ಮಾಡುವ ಮನಸ್ಸು ಮೊದಲಿಗೆ ಇರಲಿಲ್ಲ. ಒಂದು ಕಚೇರಿಗೆ ಹೋಗಿ ಇದನ್ನೇ ಎರಡು ಪುಟ ಬರೆದು ಕೊಟ್ಟೆ. ಕೌಂಟರಿನಲ್ಲಿದ್ದ ಹುಡುಗ ಹಿಂದೆ ಮುಂದೆ ತಿರುಗಿಸಿ ನೋಡಿ, "ಮಲಯಾಳದಲ್ಲಿ ಬರೆದು ತನ್ನಿ ಅಮ್ಮಾ" ಅಂದ. ಪಾಪ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಅವನನ್ನು ಬೈದು ಏನು ಪ್ರಯೋಜನ? ಅದಕ್ಕೇ ಓದಲು ಬರುವವರೆಲ್ಲ ಓದಲಿ ಅಂತ ಹೀಗೆ ಬರೆದೆ.

ವಿಷಯ ಇಷ್ಟು. ಜುಲೈ 11ರ ವಿಶ್ವ ಜನಸಂಖ್ಯಾ ದಿನದ ಲೆಕ್ಕದಲ್ಲಿ ನಮ್ಮಲ್ಲಿ ಒಂದು ಸಭೆಯಾಯಿತು. "ಜನಸಂಖ್ಯೆ ಮತ್ತು ಪರಿಸರ" ಅಂತ. ಬಂದವರೆಲ್ಲ ಹೆಂಗಸರು. ಗಂಡಸರೆಂದರೆ ಮೈಕಿನವನು ಮತ್ತು ಭಾಷಣ ಮಾಡಿದವರು. ಅವರು ದೂರದಿಂದ ಬಂದವರು, ಓದಿಕೊಂಡವರು, ಒಳ್ಳೆಯ ಮಾತುಗಾರರೇ. ಗೋಡೆಯ ಮೇಲೆ ಚಿತ್ರ ತೋರಿಸಿದರು. ಕಿಕ್ಕಿರಿದ ರೈಲು, ಬಿರುಕು ಬಿಟ್ಟ ನೆಲ, ನಲ್ಲಿಯ ಮುಂದೆ ಕೊಡಗಳ ಸಾಲು. ಮಾತು ಪೂರ್ತಿ ಮಲಯಾಳದಲ್ಲಿ. ನನ್ನ ಸಾಲಿನಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಮೆಲ್ಲ ತುಳುವಿನಲ್ಲಿ ಅರ್ಥ ಹೇಳುತ್ತಿದ್ದರು. ಹಿಂದಿನ ಸಾಲಿನವರು ಅದನ್ನೇ ಬಗ್ಗಿ ಕೇಳುತ್ತಿದ್ದರು. ಕೊನೆಗೆ ಅವರು ಹೇಳಿದ್ದರ ಸಾರ ಹೀಗೆ: ಮಕ್ಕಳು ಜಾಸ್ತಿಯಾದ್ದರಿಂದ ನೀರು ಸಾಲುತ್ತಿಲ್ಲ.

ಎದುರಿನ ಸಾಲಿನಲ್ಲಿ ನಾಲ್ಕು ಮಕ್ಕಳ ತಾಯಿ ಒಬ್ಬಳಿದ್ದಳು. ಚಿಕ್ಕದು ಮಡಿಲಲ್ಲಿ. ಎಲ್ಲರ ಕಣ್ಣೂ ಅವಳ ಕಡೆ ಹೋಯಿತು. ಅವಳು ಚಹಾಕ್ಕೂ ನಿಲ್ಲದೆ ಹೊರಟಳು. ದಾರಿಯಲ್ಲಿ ಸಿಕ್ಕಿದಾಗ ಕೇಳಿದ್ದು ಒಂದೇ ಮಾತು: "ನಾನು ಹೆತ್ತದ್ದಕ್ಕೆ ಬಾವಿ ಬತ್ತಿದ್ದಾ ಟೀಚರೇ?"

ಅವಳು ಯಾವ ಜಾತಿ, ಯಾವ ಧರ್ಮ ಅಂತ ನಿಮಗೆ ಈಗಲೇ ತಿಳಿಯಬೇಕು ಅನ್ನಿಸಿತು ಅಲ್ವಾ? ಸಭೆಯಲ್ಲೂ ಎಲ್ಲರಿಗೆ ಹಾಗೆಯೇ ಅನ್ನಿಸಿತ್ತು. ನಾನು ಹೇಳುವುದಿಲ್ಲ. ನನ್ನ ರಿಜಿಸ್ಟರಿನಲ್ಲಿ ನಾಲ್ಕು ಮಕ್ಕಳ ಮನೆ ಎಲ್ಲ ಕಡೆಯೂ ಇತ್ತು, ಒಂದೇ ಮಗುವಿನ ಮನೆಯೂ ಎಲ್ಲ ಕಡೆ ಇತ್ತು.

ಆ ರಿಜಿಸ್ಟರಿನ ವಿಷಯವೇ ಹೇಳುತ್ತೇನೆ. ಅಂಗನವಾಡಿ ಟೀಚರ್ ಅಂದರೆ ಮಕ್ಕಳಿಗೆ ಹಾಡು ಹೇಳಿಕೊಡುವವಳು ಅಂತ ಜನ ತಿಳಿದಿರುತ್ತಾರೆ. ನಮ್ಮ ಅರ್ಧ ಆಯುಷ್ಯ ಹೋಗುವುದು ಸರ್ವೆಯಲ್ಲಿ. ಮನೆ ಎಷ್ಟು, ಗರ್ಭಿಣಿಯರು ಎಷ್ಟು, ಆರು ವರ್ಷದ ಒಳಗಿನ ಮಕ್ಕಳು ಎಷ್ಟು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳಿಗೆ ಚಾಪೆ ಸಾಲುತ್ತಿರಲಿಲ್ಲ, ಗೋಣಿಚೀಲ ಬಿಡಿಸಿ ಹಾಸುತ್ತಿದ್ದೆ. ನಿವೃತ್ತಿಯ ವರ್ಷ ಒಂದು ಚಾಪೆ ಸುರುಳಿ ಬಿಚ್ಚದೆ ಮೂಲೆಯಲ್ಲೇ ಉಳಿಯಿತು. ಆದರೆ ಮನೆ ನಂಬರಿನ ಪುಟಗಳು ಮಾತ್ರ ಹೆಚ್ಚುತ್ತಲೇ ಹೋದವು. ಮಕ್ಕಳು ಕಡಿಮೆ, ಮನೆ ಜಾಸ್ತಿ. ಒಂದೇ ಅಂಗಳದಲ್ಲಿದ್ದ ಮೂವರು ಅಣ್ಣತಮ್ಮಂದಿರು ಮೂರು ಗೇಟು, ಮೂರು ಬೋರ್‌ವೆಲ್, ಮೂರು ಟ್ಯಾಂಕಿ ಮಾಡಿಕೊಂಡರು.

ಇದು ನನ್ನ ಅಂಗನವಾಡಿಯ ಕತೆ ಮಾತ್ರ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು ಕೇರಳದಲ್ಲಿ 1.8, ಕರ್ನಾಟಕದಲ್ಲಿ 1.7, ದೇಶದಲ್ಲಿ 2.0. ಒಂದು ತಲೆಮಾರು ತನ್ನಷ್ಟೇ ಜನರನ್ನು ಬಿಟ್ಟುಹೋಗಬೇಕಾದರೆ 2.1 ಬೇಕು. ಅಂದರೆ ಅಷ್ಟೂ ಇಲ್ಲ. ನಮ್ಮ ಜಿಲ್ಲೆಯಲ್ಲಿ 2011ರ ಗಣತಿಯಲ್ಲಿ ಇದ್ದದ್ದು 13 ಲಕ್ಷದ 7 ಸಾವಿರ ಜನ. ಚದರ ಕಿಲೋಮೀಟರಿಗೆ ಸುಮಾರು 650. ಇಡೀ ಕೇರಳದ ಲೆಕ್ಕ 860. ಹಾಗೆ ನೋಡಿದರೆ ನಾವೇ ಸ್ವಲ್ಪ ಆರಾಮದಲ್ಲಿ ಇದ್ದೇವೆ.

ದೇಶದ ಜನಸಂಖ್ಯೆ ಹೆಚ್ಚಲೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ. 1951ರಲ್ಲಿ 36 ಕೋಟಿ ಇದ್ದವರು 2011ಕ್ಕೆ 121 ಕೋಟಿಯಾದೆವು. ಅಷ್ಟು ಜನರಿಗೆ ಅನ್ನ, ನೀರು, ಸೂರು ಆಗಬೇಕು. ಆದರೆ ಬೇರೆ ಯಾವುದೋ ಊರಿಗೆ ಬರೆದ ಭಾಷಣವನ್ನು ನಮ್ಮೂರಿಗೆ ತಂದು ಓದಿದರೆ, ನಮ್ಮೂರಿನ ಬಾವಿ ಯಾಕೆ ಬತ್ತಿತು ಅಂತ ಅದರಲ್ಲಿ ಇರುವುದಿಲ್ಲ.

ಹಾಗಾದರೆ ಯಾಕೆ ಬತ್ತಿತು? ಲೆಕ್ಕ ಮಾಡೋಣ. ನಾನು ಲೆಕ್ಕದಲ್ಲಿ ಅಷ್ಟು ಜಾಣೆ ಅಲ್ಲ, ಮಗಳ ಮೊಬೈಲಿನಲ್ಲಿ ಒತ್ತಿ ನೋಡಿದ್ದು.

ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಸಾವಿರ ಚದರ ಅಡಿಯ ಒಂದು ತಾರಸಿಯ ಮೇಲೆ ಬೀಳುವ ನೀರು ಮೂರು ಲಕ್ಷ ಲೀಟರಿಗೂ ಮಿಕ್ಕಿ. ಐದು ಜನರ ಮನೆಗೆ ಒಬ್ಬರಿಗೆ ದಿನಕ್ಕೆ ನೂರು ಲೀಟರಿನಂತೆ ಧಾರಾಳ ಬಳಸಿದರೂ ವರ್ಷಕ್ಕೆ ಬೇಕಾದ್ದು 1 ಲಕ್ಷ 82 ಸಾವಿರ. ತಾರಸಿಯ ನೀರೇ ಮಿಕ್ಕುತ್ತದೆ! ಕೇರಳದ 44 ನದಿಗಳಲ್ಲಿ 12 ನಮ್ಮ ಒಂದೇ ಜಿಲ್ಲೆಯಲ್ಲಿ. ಹಾಗಿದ್ದೂ ಕೇಂದ್ರ ಅಂತರ್ಜಲ ಮಂಡಳಿ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕನ್ನು ಗಂಭೀರ ಸ್ಥಿತಿಯ ಪಟ್ಟಿಗೆ ಸೇರಿಸಿತ್ತು. ಏಪ್ರಿಲ್ ಬಂದರೆ ಟ್ಯಾಂಕರಿಗೆ ಕಾಯುವ ಮನೆಗಳು ನಿಮ್ಮ ವಾರ್ಡಿನಲ್ಲೂ ಉಂಟು.

ಇನ್ನು ಅಡಿಕೆ. ಇದನ್ನು ಬರೆಯುವಾಗ ನನ್ನ ಮನೆಯವರು ಪಕ್ಕದಲ್ಲೇ ಕೂತು ಮುಖ ಗಂಟು ಹಾಕಿದ್ದಾರೆ. ನಮಗೂ ಮುಕ್ಕಾಲು ಎಕರೆ ತೋಟ ಉಂಟು, ಅದೇ ನಮ್ಮ ಅನ್ನ. ಬೇಸಗೆಯಲ್ಲಿ ಬುಡಕ್ಕೆ ನೀರು ಬಿಡುವುದಾದರೆ ಒಂದು ಮರಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಅಂತ ಅಡಿಕೆ ಸಂಶೋಧನೆಯವರ ಲೆಕ್ಕ. ಎಕರೆಗೆ ಸುಮಾರು 550 ಮರ. ದಿನಕ್ಕೆ ಹಂಚಿದರೆ 24 ಸಾವಿರ ಲೀಟರ್. ಐದು ಜನರ ನಲವತ್ತೆಂಟು ಮನೆಗಳ ನೀರು ಅದು. ಡ್ರಿಪ್ ಹಾಕಿದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು, ಅಂದರೆ ಅರ್ಧಕ್ಕಿಂತ ಕಡಿಮೆ. ನಾವು ಡ್ರಿಪ್ ಹಾಕಿದ್ದು ತಡವಾಗಿ, ಬೋರ್‌ವೆಲ್ ಕೆಸರು ಕಕ್ಕಿದ ಮೇಲೆ. ಮೊದಲೇ ಯಾರಾದರೂ ಹೇಳಿದ್ದರೆ ಹಾಕುತ್ತಿದ್ದೆವಾ? ಗೊತ್ತಿಲ್ಲ. ಆದರೆ ಯಾರೂ ಹೇಳಲು ಬಂದಿರಲಿಲ್ಲ ಅನ್ನುವುದು ನಿಜ. ಬಂದವರೆಲ್ಲ ಮಕ್ಕಳೆಷ್ಟು ಅಂತ ಕೇಳಿಹೋದವರು.

ಆ ನಾಲ್ಕು ಮಕ್ಕಳ ತಾಯಿಯ ಮನೆಗೆ ಬೋರ್‌ವೆಲ್ ಇಲ್ಲ. ಗುಡ್ಡದ ಸುರಂಗದಿಂದ ಒಂದು ಕಪ್ಪು ಪೈಪಿನಲ್ಲಿ ಇಳಿದು ಬರುವ ನೀರು ಅವರದ್ದು. ಪಂಪಿಲ್ಲ, ಕರೆಂಟಿಲ್ಲ. ಬಟ್ಟೆ ಒಗೆದ ನೀರು ಬಾಳೆಯ ಬುಡಕ್ಕೆ. ಇಡೀ ಸಭೆಯಲ್ಲಿ ಅತಿ ಕಡಿಮೆ ನೀರು ಖರ್ಚು ಮಾಡುವವಳು ಅವಳೇ ಆಗಿರಬೇಕು. ಆ ಸುರಂಗದ ನೀರು ಈಗ ಸಣ್ಣಗಾಗಿದೆ. ಮೇಲಿನ ಜಾಗದಲ್ಲಿ ಬೋರ್‌ವೆಲ್ ಕೊರೆದ ಮೇಲೆ.

ಹೊಸ ತಲೆಮಾರಿನ ಮೆಂಬರುಗಳಿಗೆ ಸುರಂಗ ಅಂದರೆ ರೈಲು ಹೋಗುವ ತೂತು ಅಂತ ಆಗಿಬಿಡಬಾರದು. ನಮ್ಮ ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಇವು ಎಷ್ಟಿವೆ ನೋಡಿ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡಕ್ಕೆ ಅಡ್ಡಡ್ಡ ಕೊರೆದು, ಒಬ್ಬ ಮನುಷ್ಯ ಹೋಗುವಷ್ಟೇ ಅಗಲ ಬಿಟ್ಟು, ಒಳಗೆ ಜಿನುಗುವ ನೀರನ್ನು ಇಳಿಜಾರಿನಲ್ಲಿ ಹೊರಗೆ ತರುವುದು. ಕೊರೆಯುವವರು ದೀಪ ಹಿಡಿದು ಹೋಗುತ್ತಿದ್ದರು. ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದು ಅಂತ ಅರ್ಥ, ವಾಪಸ್ ಬರಬೇಕು. ಗುಡ್ಡ ಎಷ್ಟು ಕೊಡುತ್ತದೋ ಅಷ್ಟೇ ನೀರು. ಜಾಸ್ತಿ ಬೇಕು ಅಂದರೂ ಸುರಂಗ ಕೊಡುವುದಿಲ್ಲ. ಬೋರ್‌ವೆಲ್ ಹಾಗಲ್ಲ, ಸ್ವಿಚ್ ಹಾಕಿದರೆ ಮುಂದಿನ ವರ್ಷದ್ದನ್ನೂ ಇವತ್ತೇ ಎತ್ತಿ ಕೊಡುತ್ತದೆ.

2011ರ ಗಣತಿಯ ಮನೆಪಟ್ಟಿಯಲ್ಲಿ ಕುಡಿಯುವ ನೀರು ಎಲ್ಲಿಂದ ಅಂತ ಒಂದು ಪ್ರಶ್ನೆ ಇತ್ತು. ನಲ್ಲಿ, ಬಾವಿ, ಕೈಪಂಪು, ಕೊಳವೆಬಾವಿ, ಒರತೆ, ಹೊಳೆ, ಕೆರೆ, ಇತರ. ಸುರಂಗಕ್ಕೆ ಬೇರೆ ಜಾಗ ಇರಲಿಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ 2027ಕ್ಕೆ ಬಂದು ನಿಂತಿದೆ. ದಿಲ್ಲಿಯ ಫಾರಂ ಬದಲಿಸಲು ನಮ್ಮಿಂದಾಗದು. ಆದರೆ ಪಂಚಾಯತಿಗೆ ತನ್ನದೇ ಲೆಕ್ಕ ಬರೆದಿಡಲು ಯಾರು ಬೇಡ ಅಂತಾರೆ? ಯಾವ ಗುಡ್ಡದಲ್ಲಿ ಎಷ್ಟು ಸುರಂಗ, ಯಾವುದರಲ್ಲಿ ಏಪ್ರಿಲ್ ತನಕ ನೀರು, ಯಾವ ಮದಕ (ಮಳೆನೀರಿನ ಕೆರೆ) ಹೂಳು ತುಂಬಿದೆ, ಯಾವ ತೋಡಿಗೆ ಮೊದಲು ಕಟ್ಟ (ಮಣ್ಣಿನ ಒಡ್ಡು) ಕಟ್ಟುತ್ತಿದ್ದರು. ಇದನ್ನು ಬರೆಯಲು ಹೊರಗಿನ ತಜ್ಞರು ಬೇಡ. ನಮ್ಮ ಹರಿತ ಕರ್ಮ ಸೇನೆಯ ಹೆಂಗಸರು ಪ್ಲಾಸ್ಟಿಕ್ ಸಂಗ್ರಹಕ್ಕೆ ತಿಂಗಳು ತಿಂಗಳು ಮನೆ ಮನೆಗೆ ಹೋಗುತ್ತಾರೆ. ಯಾರ ಮನೆಯ ಬಾವಿ ಯಾವ ತಿಂಗಳು ತಳ ಕಾಣುತ್ತದೆ ಅಂತ ಅವರಿಗೆ ಗೊತ್ತು. ಆದರೆ ಒಂದು ಮಾತು, ಈ ಕೆಲಸ ಕೊಟ್ಟರೆ ಅದಕ್ಕೆ ಬೇರೆ ಸಂಬಳ ಕೊಡಿ. ಸುಮ್ನೆ ಇನ್ನೊಂದು ರಿಜಿಸ್ಟರ್ ಹೊರಿಸಬೇಡಿ. ರಿಜಿಸ್ಟರ್ ಹೊತ್ತು ಹೊತ್ತು ನನ್ನ ಬಲಭುಜ ಈಗಲೂ ನೋಯುತ್ತದೆ.

ಗುಡ್ಡದ ವಿಷಯ ಬಂತು. ನಾವು ಚಿಕ್ಕವರಿದ್ದಾಗ ಗುಡ್ಡದ ನೆತ್ತಿಯ ಪದವು ಅಂದರೆ ಆಟದ ಬಯಲು. ಮಳೆಗಾಲದಲ್ಲಿ ಅಲ್ಲಲ್ಲಿ ಪಳ್ಳಗಳಲ್ಲಿ ನೀರು ನಿಂತು, ಸುತ್ತ ನೀಲಿ ಹೂ. ಆ ಪದವಿನ ಬಯಲೇ ನಮ್ಮ ಕೆಳಗಿನ ಬಾವಿಗಳ ತೊಟ್ಟಿ ಅಂತ ಆಗ ಗೊತ್ತಿರಲಿಲ್ಲ. ಮುರಕಲ್ಲು ತೂತು ತೂತಾಗಿರುತ್ತದೆ, ಮಳೆಯನ್ನು ಕುಡಿದು ಇಟ್ಟುಕೊಳ್ಳುತ್ತದೆ. ಈಗ ಮಿಷನ್ ಬಂದು ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತದೆ. ಆ ಕಲ್ಲು ಹೋಗುವುದು ಮನೆಗಳಿಗೆ. ಎಂಥ ಮನೆ? 2011ರ ಗಣತಿಯಲ್ಲಿ ಕೇರಳದಲ್ಲಿ ಹನ್ನೊಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ಹತ್ತರಲ್ಲಿ ಒಂದು. ನನ್ನ ದಾರಿಯಲ್ಲೇ ಅಂಥವು ಉಂಟು. ಮಕ್ಕಳು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ, ಗೇಟಿಗೆ ಬೀಗ. ಒಳಗೆ ಇಂಟರ್‌ಲಾಕ್ ಹಾಸಿದ ಅಂಗಳ, ಒಂದು ಹನಿಯೂ ಇಂಗದ ಹಾಗೆ. ಒಬ್ಬನೂ ವಾಸವಿಲ್ಲದ ಮನೆ ಜನಸಂಖ್ಯೆಯ ಯಾವ ಲೆಕ್ಕಕ್ಕೆ ಬರುತ್ತದೆ, ಹೇಳಿ.

ಇನ್ನೊಂದು ಸಂಗತಿ ಬರೆಯದೆ ಮುಂದೆ ಹೋಗಲಾರೆ. ನಮ್ಮ ಜಿಲ್ಲೆಯಲ್ಲಿ ಮಗು ಬೇಡ ಅಂತ ಹೆದರಿ ಕೂತ ಮನೆಗಳು ಇದ್ದವು. ಯಾವ ಸಭೆಯೂ ಅವರಿಗೆ ಕುಟುಂಬ ಯೋಜನೆ ಹೇಳಿಕೊಟ್ಟಿರಲಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು, 2000ದ ತನಕ. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಬಾವಿಗಾದರೆ ಒಂದು ಟರ್ಪಾಲ್ ಹೊದೆಸಬಹುದು, ಗುಡ್ಡದಿಂದ ಹರಿದು ಬರುವ ಸುರಂಗದ ನೀರಿಗೆ ಏನು ಹೊದೆಸುವುದು? ಆ ತಾಯಂದಿರಲ್ಲಿ ಕೆಲವರ ಮಕ್ಕಳು ಈಗ ದೊಡ್ಡವರಾಗಿ ಇನ್ನೂ ಹಾಸಿಗೆಯಲ್ಲೇ ಇದ್ದಾರೆ. ಪರಿಸರ ಹಾಳಾದದ್ದು ಜನ ಜಾಸ್ತಿಯಾಗಿ ಅಂತ ಈ ಜಿಲ್ಲೆಯಲ್ಲಿ ನಿಂತು ಹೇಳುವವರು ಸ್ವಲ್ಪ ಯೋಚಿಸಿ ಹೇಳಬೇಕು.

ಹಾಗಂತ ಕುಟುಂಬ ಯೋಜನೆಯ ಮಾತೇ ಬೇಡ ಅಂತ ಅಲ್ಲ. ಬೇಕು, ಜಾಸ್ತಿಯೇ ಬೇಕು. ನೀರಿನ ಹೆಸರಿನಲ್ಲಿ ಹೆದರಿಸಲು ಅಲ್ಲ, ತಾಯಿಯ ಮೈಗೆ ವಿರಾಮ ಸಿಗಲು. ಹೆರಿಗೆಯಾಗಿ ಏಳೆಂಟು ತಿಂಗಳಿಗೆ ಮತ್ತೆ ಬಸುರಿಯಾಗಿ, ಕಣ್ಣಿನ ಕೆಳಗೆ ರಕ್ತವೇ ಇಲ್ಲದೆ ನನ್ನ ಮುಂದೆ ಕೂತು ಅತ್ತವರು ಎಷ್ಟೋ ಜನ. ಅವರಿಗೆ ಬೇಕಾದ್ದು ಭಾಷಣ ಅಲ್ಲ, ಮಾಹಿತಿ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಉಂಟು, ಛಾಯಾ ಮಾತ್ರೆ ಉಂಟು, ಹತ್ತು ವರ್ಷ ನಡೆಯುವ ಕಾಪರ್‌ ಟಿ ಉಂಟು, ಎಲ್ಲ ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ. ಯಾವುದು ಯಾರಿಗೆ ಆಗುತ್ತದೆ, ಯಾವುದರಿಂದ ಮುಟ್ಟು ಏರುಪೇರಾಗಬಹುದು, ಬೇಡ ಅನ್ನಿಸಿದರೆ ಯಾವಾಗ ನಿಲ್ಲಿಸಬಹುದು ಅಂತ ನರ್ಸಮ್ಮ ಅವರ ಭಾಷೆಯಲ್ಲಿ ಕೂತು ಹೇಳಬೇಕು. ತುಳುವಿನಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ, ಮಲಯಾಳದಲ್ಲಿ. ಮೈಕಿನಲ್ಲಿ ಹೇಳುವ ವಿಷಯವಾ ಅದು?

ಮತ್ತೆ, ಗಂಡಸರು ಎಲ್ಲಿ? ಅದೇ 2019-21ರ ಸಮೀಕ್ಷೆ ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಆಪರೇಷನ್ ಮಾಡಿಸಿಕೊಂಡವರು ನೂರಕ್ಕೆ 37.9. ಗಂಡ ಮಾಡಿಸಿಕೊಂಡದ್ದು 0.3. ಒಂದೂ ಇಲ್ಲ, ಅರ್ಧವೂ ಇಲ್ಲ! ಗಂಡಸರದ್ದು ಹೊಲಿಗೆ ಇಲ್ಲದ ಚಿಕ್ಕ ಕೆಲಸ, ಅದೇ ದಿನ ಮನೆಗೆ ಬರಬಹುದು, ಮೂರು ತಿಂಗಳು ಮಾತ್ರ ಬೇರೆ ಜಾಗ್ರತೆ ಬೇಕು. ಹೆಂಗಸಿನದ್ದು ಹೊಟ್ಟೆ ಕೊಯ್ಯುವ ಕೆಲಸ.

ಕೇರಳದ ಗಂಡಸರು ಒಪ್ಪುವುದಿಲ್ಲ ಅನ್ನಬೇಡಿ. 1971ರ ಜುಲೈಯಲ್ಲಿ ಎರ್ನಾಕುಳಂನ ಒಂದೇ ಶಿಬಿರದಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡಿದ್ದರು. ದುಡ್ಡು, ಉಡುಗೊರೆಯ ಆಸೆಯೂ ಇತ್ತು ಅನ್ನಿ, ಅದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಆಮೇಲೆ ತುರ್ತು ಪರಿಸ್ಥಿತಿಯಲ್ಲಿ ಉತ್ತರದ ಕಡೆ ಹಿಡಿದು ಹಿಡಿದು ಮಾಡಿದರು, ಗಂಡಸರು ಹೆದರಿ ಓಡಿದರು. ಐವತ್ತು ವರ್ಷವಾಯಿತು, ಇನ್ನೂ ಓಡುತ್ತಲೇ ಇದ್ದಾರೆ. ಅವರನ್ನು ಹಿಡಿಯಬೇಕಾದರೆ ಪಂಚಾಯತ್ ಹಾಲಿಗೆ ಕರೆದರೆ ಆಗದು. ಸಂಜೆ ಹೋಟೆಲಿನ ಬೆಂಚು, ಹಾಲಿನ ಸೊಸೈಟಿ, ವಾಲಿಬಾಲ್ ಅಂಗಳ, ಶುಕ್ರವಾರದ ನಮಾಜು ಮುಗಿದ ಮೇಲಿನ ಅರ್ಧ ಗಂಟೆ, ಭಜನಾ ಮಂದಿರದ ಜಗಲಿ, ಇಗರ್ಜಿಯ ಅಂಗಳ. ಅಲ್ಲಿಗೆ ಗಂಡಸು ಹೆಲ್ತ್ ಇನ್‌ಸ್ಪೆಕ್ಟರೇ ಹೋಗಬೇಕು.

ನಮ್ಮ ಜನ ಮಾತು ಕೇಳುವವರಲ್ಲ ಅಂತ ಒಬ್ಬರು ನನ್ನ ಹತ್ತಿರ ಹೇಳಿದರು. ನನಗೆ ನಗು ಬಂತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು. ತಾಳಮದ್ದಳೆಯಲ್ಲಿ ಕರ್ಣ ಅರ್ಜುನರ ವಾದವನ್ನು ಬೆಳಗಿನ ತನಕ ಕೂತು ಕೇಳುವವರು. ಮಾತು ನಮ್ಮದಾಗಿದ್ದರೆ ಎಷ್ಟು ಹೊತ್ತು ಬೇಕಾದರೂ ಕೇಳುತ್ತೇವೆ ಮಾರಾಯ್ರೆ.

ಕಟ್ಟಡ ಕೆಲಸಕ್ಕೆ ಬಂದ ಬಂಗಾಳ, ಅಸ್ಸಾಂ, ಜಾರ್ಖಂಡಿನವರ ಬಗ್ಗೆಯೂ ಒಂದು ಗೊಣಗಾಟ ಉಂಟು, ಅವರಿಂದ ಜನ ಜಾಸ್ತಿಯಾಯಿತು ಅಂತ. ನಮ್ಮ ಮಕ್ಕಳು ಗಲ್ಫಿಗೆ ಹೋದರು, ಆ ಜಾಗಕ್ಕೆ ಇವರು ಬಂದರು. ಒಂದು ಕೋಣೆಯಲ್ಲಿ ಆರು ಜನ ಇರುತ್ತಾರೆ. ಅವರಿಗೆ ಒಂದು ನೆಟ್ಟಗಿನ ಕಕ್ಕಸು ಕೊಡದ ಬಾಡಿಗೆ ಮನೆಯ ಮಾಲೀಕರಿಗೆ ಮೊದಲು ನೋಟಿಸ್ ಕೊಡಿ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಮುಂದಿನ ಜುಲೈ 11ಕ್ಕೆ ಹಾಲ್ ಬುಕ್ ಮಾಡಬೇಡಿ. ಆ ದುಡ್ಡಿನಲ್ಲಿ ನಮ್ಮ ವಾರ್ಡಿನ ಮದಕದ ಹೂಳು ಪೂರ್ತಿ ಅಲ್ಲದಿದ್ದರೂ ಒಂದು ಮೂಲೆಯಷ್ಟು ತೆಗೆಸಬಹುದು. ಮಳೆ ಬಿಟ್ಟ ಮೇಲೆ, ನವೆಂಬರ್ ಕೊನೆಗೆ, ತೋಡಿಗೆ ಕಟ್ಟ ಕಟ್ಟುವ ದಿನ ಎಲ್ಲರನ್ನೂ ಕರೆಯಿರಿ. ಅವತ್ತು ಗಂಡಸರೂ ಬರುತ್ತಾರೆ, ಮಣ್ಣು ಹೊರುತ್ತಾರೆ, ಗಂಜಿ ಚಟ್ನಿ ಮಾಡುವುದು ನಮ್ಮ ಜವಾಬ್ದಾರಿ. ನರ್ಸಮ್ಮನೂ ಅಲ್ಲಿಗೇ ಬರಲಿ. ಗಂಜಿ ಉಣ್ಣುವಾಗ ಹೇಳಿದ ಮಾತು ಕಿವಿಗೆ ಬೀಳುತ್ತದೆ. ಮತ್ತೆ ಆ ನಾಲ್ಕು ಮಕ್ಕಳ ತಾಯಿಯನ್ನು ನೀವೇ ಹೋಗಿ ಕರೆಯಬೇಕು, ಅಧ್ಯಕ್ಷರೇ. ನಾನು ಕರೆದರೆ ಬರುವುದಿಲ್ಲ ಅಂದಿದ್ದಾಳೆ.

ಅದಕ್ಕೂ ಮೊದಲು ಒಂದು ಭಾನುವಾರ ನಮ್ಮ ಮನೆಗೆ ಬನ್ನಿ. ಹಿತ್ತಿಲಿನ ಗುಡ್ಡದಲ್ಲಿ ಮಾವನವರು ಕೊರೆಸಿದ ಸುರಂಗ ಉಂಟು, ಒಳಗೆ ಹೋಗಿ ನೋಡಬಹುದು. ಬಿಳಿ ಅಂಗಿ ಬೇಡ, ಕೆಂಪು ಮಣ್ಣು ಹಿಡಿದರೆ ಹೋಗುವುದಿಲ್ಲ. ಟಾರ್ಚ್ ನಿಮ್ಮದೇ ತನ್ನಿ, ನಮ್ಮದರ ಬ್ಯಾಟರಿ ನಂಬುವ ಹಾಗಿಲ್ಲ. ತಲೆ ತಗ್ಗಿಸಿ ನಡೆಯಿರಿ. ಒಳಗೆ ಬಾವಲಿಗಳು ಇರುತ್ತವೆ, ಅವು ಏನೂ ಮಾಡುವುದಿಲ್ಲ.

ಇಂತು,
ನಿಮ್ಮ ವಾರ್ಡಿನ ಹಳೆಯ ಅಂಗನವಾಡಿ ಟೀಚರ್